ಹಗುರ ಹೆಡ್‌ಫೋನ್: ಮನೆಯಲ್ಲಿ ಚೆನ್ನಾಗಿದೆ, ಬಸ್ಸಿನಲ್ಲಿ ಬಾಸ್ ಎಲ್ಲಿ ಹೋಯಿತು?

ಸಂಜೆನಡಿಗೆ

ಎಲ್ಲರಿಗೂ ನಮಸ್ಕಾರ. ಐದು ವರ್ಷದಿಂದ ಕಿವಿ ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್ ಬಳಸುತ್ತಿದ್ದೆ. ತೂಕ ಹತ್ತಿರ ಹತ್ತಿರ 300 ಗ್ರಾಂ. ಒಂದು ಗಂಟೆ ಕಳೆಯುವಷ್ಟರಲ್ಲಿ ಕತ್ತು ಹಿಡಿದುಕೊಳ್ಳುತ್ತಿತ್ತು, ಕಿವಿ ಬೆವರುತ್ತಿತ್ತು. ಸಾಕಾಗಿ ಹೋದ ತಿಂಗಳು ಒಂದು ಹಗುರವಾದದ್ದು ತೆಗೆದುಕೊಂಡೆ. ತೆಳುವಾದ ಲೋಹದ ಪಟ್ಟಿ, ಎರಡೂ ಕಡೆ ಸ್ಪಂಜಿನ ಪ್ಯಾಡ್, ವೈರ್ ಇರುವಂಥದ್ದು. ಮಡಚಿದರೆ ಮುಷ್ಟಿಯಲ್ಲಿ ಹಿಡಿಸುತ್ತದೆ. ಅಡುಗೆಮನೆಯ ತೂಕದ ಯಂತ್ರದ ಮೇಲಿಟ್ಟು ನೋಡಿದೆ, ವೈರ್ ಸೇರಿ 70 ಗ್ರಾಂ ಆಸುಪಾಸು.

ಮನೆಯಲ್ಲಿ ಕೂತು ಕೇಳಿದಾಗ ನಿಜಕ್ಕೂ ಖುಷಿಯಾಯಿತು. ಹಾಡು ತಲೆಯೊಳಗೆ ಕೂತ ಹಾಗಿಲ್ಲ, ಕಿವಿಯಿಂದ ಸ್ವಲ್ಪ ಆಚೆ ನಡೆಯುತ್ತಿರುವ ಹಾಗಿದೆ. ತಬಲಾದ ಎಡಗೈ ಪೆಟ್ಟು ದುಂಡಗೆ ಬರುತ್ತದೆ. ಆದರೆ ಅದೇ ಹಾಡನ್ನು ಬಸ್ಸಿನಲ್ಲಿ ಕೇಳಿದರೆ ತಗಡು ಬಡಿದ ಹಾಗೆ. ಬಾಸ್, ಅಂದರೆ ಆ ದಪ್ಪನೆಯ ಕೆಳದನಿ, ಅನ್ನೋದೇ ಇಲ್ಲ. ದಿನಾ ಹೋಗಿಬರುವುದಕ್ಕೆ ಒಂದೂವರೆ ಗಂಟೆ ಬಸ್ಸಿನಲ್ಲೇ ಕಳೆಯುತ್ತದೆ, ಅದಕ್ಕೆಂದೇ ಇದನ್ನು ತೆಗೆದುಕೊಂಡಿದ್ದು.

ಪೀಸ್ ಸರಿ ಇಲ್ವಾ, ನನ್ನ ಕಿವಿ ಸರಿ ಇಲ್ವಾ, ಅಥವಾ ಹಗುರ ಹೆಡ್‌ಫೋನ್‌ಗಳ ಹಣೆಬರಹವೇ ಇಷ್ಟಾ?

ನೀಲಿಹಲ್ಲು

ಹಣೆಬರಹ ಇಷ್ಟೇ. ಈ ಕಾಲದಲ್ಲಿ ವೈರ್ ಹೆಡ್‌ಫೋನ್ ಯಾಕೆ ತಗೊಂಡ್ರಿ? ನಾಯ್ಸ್ ಕ್ಯಾನ್ಸಲಿಂಗ್ ಇರುವ ಬ್ಲೂಟೂತ್ ತೆಗೆದುಕೊಂಡಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ.

ಬೆಸುಗೆಕಡ್ಡಿ

ಪೀಸ್ ಸರಿ ಇದೆ. ಕಿವಿಯೂ ಸರಿ ಇದೆ. ಬಾಸ್ ತಿಂದಿದ್ದು ಬಸ್ಸು.

ತಮಾಷೆ ಅಲ್ಲ. ಎಂಜಿನ್ನಿನ ಗುಡುಗುಡು, ಟೈರಿನ ಮೊರೆತ, ಮೈಯೆಲ್ಲ ಅದುರುವ ತಗಡು, ಇವೆಲ್ಲ ಹೆಚ್ಚಾಗಿ ಕೆಳಗಿನ ಫ್ರೀಕ್ವೆನ್ಸಿಯ ಸದ್ದು. ನಿಮ್ಮ ಹಾಡಿನ ಬಾಸ್ ಇರುವ ಜಾಗವೂ ಅದೇ. ಒಂದೇ ಜಾಗದಲ್ಲಿ ಎರಡು ಸದ್ದು ಇದ್ದಾಗ ಜೋರಾಗಿರುವುದು ಮೆಲ್ಲಗಿರುವುದನ್ನು ಮುಚ್ಚಿಹಾಕುತ್ತದೆ. ಹಾಡುಗಾರರ ದನಿ, ತಾಳ, ತಂತಿ ವಾದ್ಯದ ಮೀಟು ಮೇಲಿನ ಫ್ರೀಕ್ವೆನ್ಸಿಯಲ್ಲಿ ಇರುವುದರಿಂದ ಅವು ತಪ್ಪಿಸಿಕೊಂಡು ಬರುತ್ತವೆ. ಉಳಿದದ್ದಷ್ಟೇ ಕೇಳಿದರೆ ತಗಡಿನ ಹಾಗೇ ಇರುತ್ತದೆ.

ದೊಡ್ಡ ಹೆಡ್‌ಫೋನ್ ಕಿವಿಯ ಸುತ್ತ ಒಂದು ಗೋಡೆ ಕಟ್ಟುತ್ತದೆ. ನಿಮ್ಮದರಲ್ಲಿ ಗೋಡೆ ಇಲ್ಲ, ಬರೀ ಪರದೆ. ಮನೆಯಲ್ಲಿ ಹಾಡು ಆಚೆ ನಡೆಯುತ್ತಿರುವ ಹಾಗೆ ಕೇಳಿಸಿತು ಅಂದರಲ್ಲ, ಅದೂ ಪರದೆಯ ಕೆಲಸವೇ. ಒಂದು ಬೇಕು ಇನ್ನೊಂದು ಬೇಡ ಅಂದರೆ ಆಗುವುದಿಲ್ಲ.

ಒಂದು ಪರೀಕ್ಷೆ ಮಾಡಿ. ಸದ್ದಿಲ್ಲದ ಕೋಣೆಯಲ್ಲಿ ಹಾಡು ಹಾಕಿ ಎರಡೂ ಪ್ಯಾಡನ್ನು ಬೆರಳಿನಿಂದ ಮೆಲ್ಲಗೆ ಕಿವಿಗೆ ಒತ್ತಿ. ಆಮೇಲೆ ಒಂದು ಕಡ್ಡಿಯಷ್ಟು ದೂರ ಎತ್ತಿ ಹಿಡಿಯಿರಿ. ಏನಾಯಿತು ಬಂದು ಹೇಳಿ.

ಸಂಜೆನಡಿಗೆ

ಮಾಡಿದೆ ಸರ್. ಒತ್ತಿದರೆ ಬಾಸ್ ಧುಮುಕಿಕೊಂಡು ಬರುತ್ತದೆ. ಎತ್ತಿದರೆ ಮೊಬೈಲಿನ ಸ್ಪೀಕರ್‌ನಲ್ಲಿ ಕೇಳಿದ ಹಾಗೆ. ಇಷ್ಟು ವ್ಯತ್ಯಾಸ ಇರುತ್ತೆ ಅಂತ ಗೊತ್ತಿರಲಿಲ್ಲ!

ಬೆಸುಗೆಕಡ್ಡಿ

ಹೌದು. ಒಳಗಿರುವ ತೆಳುಹಾಳೆ ಮುಂದಕ್ಕೆ ಗಾಳಿ ತಳ್ಳಿದಾಗ ಅದರ ಬೆನ್ನ ಕಡೆ ಗಾಳಿ ಎಳೆಯುತ್ತದೆ. ಎರಡೂ ಒಂದಕ್ಕೊಂದು ಉಲ್ಟಾ. ಹಿಂಬದಿ ತೆರೆದಿರುವ ಹೆಡ್‌ಫೋನ್‌ನಲ್ಲಿ ಆ ಎರಡು ಸದ್ದು ಪ್ಯಾಡಿನ ಅಂಚಿನಿಂದ ಸುತ್ತಿಬಂದು ಸೇರಿಬಿಟ್ಟರೆ ಒಂದನ್ನೊಂದು ಅಳಿಸುತ್ತವೆ. ಅಲೆ ಉದ್ದವಾದಷ್ಟೂ ಈ ಅಳಿಸಾಟ ಜಾಸ್ತಿ. ಬಾಸಿನ ಅಲೆ ಮೀಟರುಗಟ್ಟಲೆ ಉದ್ದ: 100 ಹರ್ಟ್ಸ್‌ನ ಒಂದು ಅಲೆ 3.4 ಮೀಟರ್ ಆಗುತ್ತದೆ. ಹಾಗಾಗಿ ಮೊದಲು ಮಾಯವಾಗುವುದು ಅದೇ.

ಅದಕ್ಕೇ ಹೇಳುತ್ತೇನೆ, ಹಗುರ ಹೆಡ್‌ಫೋನ್‌ನಲ್ಲಿ ಡಬ್ಬದ ಮೇಲಿನ ಅಂಕಿಗಿಂತ ಅದು ಕಿವಿ ಮೇಲೆ ಎಲ್ಲಿ ಕೂರುತ್ತದೆ, ಎಷ್ಟು ಒತ್ತುತ್ತದೆ ಅನ್ನೋದೇ ಮುಖ್ಯ. ಪ್ಯಾಡಿನ ನಡುಭಾಗ ಕಿವಿಯ ರಂಧ್ರದ ಎದುರಿಗೆ ಬರಬೇಕು. ತುಂಬಾ ಜನ ಪಟ್ಟಿಯನ್ನು ಉದ್ದ ಮಾಡದೆ ಹಾಕಿಕೊಳ್ಳುತ್ತಾರೆ. ಪ್ಯಾಡು ಕಿವಿಯ ಮೇಲ್ಭಾಗದಲ್ಲಿ ಕೂತು ಕೆಳಗೆ ಸಂದು ಉಳಿಯುತ್ತದೆ. ಆಮೇಲೆ ಕಂಪನಿಯನ್ನು ಬೈಯುತ್ತಾರೆ.

ನಾಕ್ಕಣ್ಣು

ನಾನು ಕನ್ನಡಕದವಳು. ನನ್ನ ಕಿವಿಯ ಮೇಲೆ ಮೊದಲೇ ಒಬ್ಬ ಬಾಡಿಗೆದಾರ ಇದ್ದಾನೆ. ಪ್ಯಾಡ್ ಒತ್ತಿಸಿಕೊಂಡರೆ ಬಾಸ್ ಬರುತ್ತೆ, ಜೊತೆಗೆ ಕಣ್ಣೀರೂ ಬರುತ್ತೆ. ಅರ್ಧ ಗಂಟೆಗೆ ಕಿವಿಯ ಹಿಂದೆ ಕೆಂಪು ಗೆರೆ. ಹಗುರ ಅಂತ ತಗೊಂಡಿದ್ದು, ಹಿಂಸೆ ಮಾತ್ರ ಹಗುರ ಇಲ್ಲ. ದಾರಿ ಇದ್ದರೆ ಹೇಳಿ.

ಹಳೇಟೇಪು

ಮೇಡಂ, ತೂಕ ಬೇರೆ, ಹಿಡಿತ ಬೇರೆ. 70 ಗ್ರಾಂ ಇರುವುದು ತಲೆಯಿಂದ ಜಾರದೆ ನಿಲ್ಲಬೇಕಾದರೆ ಏನಾದರೂ ಹಿಡಿದುಕೊಳ್ಳಲೇಬೇಕಲ್ವಾ. ಕೆಲವದರಲ್ಲಿ ಆ ಹಿಡಿತವನ್ನು ಕಿವಿಯಿಂದ ತೆಗೆದು ಕಿವಿಯ ಮೇಲಿನ ತಲೆಬುರುಡೆಗೆ ಕೊಡುವ ಸಣ್ಣ ಮೆತ್ತೆ ಇರುತ್ತದೆ. 1984ರಲ್ಲಿ ಬಂದ, ಕಾಸ್ ಕಂಪನಿಯ ಪೋರ್ಟಾ ಪ್ರೊ ಹೆಡ್‌ಫೋನ್‌ನಲ್ಲಿ ಇದು ಮೊದಲಿನಿಂದಲೂ ಇದೆ, ಬಿಗಿ ಹೆಚ್ಚು ಕಡಿಮೆ ಮಾಡುವ ಗುಂಡಿ ಸಮೇತ. ನಲವತ್ತು ವರ್ಷದ ಮೇಲೂ ಅದೇ ಆಕಾರದಲ್ಲಿ ತಯಾರಾಗುತ್ತಿದೆ ಅಂದರೆ ಮೊದಲ ಸಲವೇ ಏನೋ ಸರಿಯಾಗಿ ಮಾಡಿದ್ದಾರೆ ಅಂತ ಲೆಕ್ಕ.

ನಿಮ್ಮದರಲ್ಲಿ ಅಂಥ ಮೆತ್ತೆ ಇಲ್ಲದಿದ್ದರೆ, ಪಟ್ಟಿಯನ್ನು ರಾತ್ರಿ ಪೂರ್ತಿ ಪುಸ್ತಕಗಳ ಕಟ್ಟಿಗೆ ಹಾಕಿಡಿ. ಕಟ್ಟು ನಿಮ್ಮ ತಲೆಗಿಂತ ಎರಡು ಬೆರಳು ಅಗಲ ಇದ್ದರೆ ಸಾಕು. ಒಂದೇ ಸಲಕ್ಕೆ ಜಾಸ್ತಿ ಅಗಲ ಮಾಡಬೇಡಿ. ಪ್ಲಾಸ್ಟಿಕ್ ಪಟ್ಟಿಯಾದರೆ ಲಟಕ್ ಅಂದೀತು.

ಬೆಸುಗೆಕಡ್ಡಿ

ಲೋಹದ ಪಟ್ಟಿಯಾದರೆ ಪುಸ್ತಕ ಬೇಕಿಲ್ಲ, ಕೈಯಲ್ಲೇ ಬಗ್ಗಿಸಬಹುದು. ಒಂದೇ ಕಡೆ ಮಡಚಬೇಡಿ, ಗೆರೆ ಬಿದ್ದು ಅಲ್ಲೇ ಮುರಿಯುತ್ತದೆ. ಉದ್ದಕ್ಕೂ ಅಲ್ಲಲ್ಲಿ ಸ್ವಲ್ಪ ಸ್ವಲ್ಪ ನೇರ ಮಾಡುತ್ತಾ ಬನ್ನಿ.

ಆದರೆ ಹಿಡಿತ ಸಡಿಲ ಮಾಡಿದಷ್ಟೂ ಬಾಸ್ ಇಳಿಯುತ್ತದೆ. ಇದು ಮೊದಲೇ ಗೊತ್ತಿರಲಿ.

ನಾಕ್ಕಣ್ಣು

ಬಾಸ್ ಬೇಡ, ಕಿವಿ ಸಾಕು. ನಾನು ಕೇಳುವುದು ಮಾತುಕತೆ, ಕಥೆ ಓದುವುದು, ಅಷ್ಟೇ. ಇವತ್ತು ರಾತ್ರಿ ದಪ್ಪ ನಿಘಂಟುಗಳಿಗೆ ಹೆಡ್‌ಫೋನ್ ತೊಡಿಸುತ್ತೇನೆ.

ನೀಲಿಹಲ್ಲು

ನೋಡಿ, ಯಾರೂ ನನ್ನ ಮಾತಿಗೆ ಉತ್ತರ ಕೊಟ್ಟಿಲ್ಲ. ವೈರ್ ಹೆಡ್‌ಫೋನ್ ಬಾಗಿಲ ಹಿಡಿಕೆಗೆ ಸಿಕ್ಕಿಹಾಕಿಕೊಂಡು ಕಿವಿ ಕಿತ್ತ ಅನುಭವ ಯಾರಿಗೂ ಇಲ್ವಾ? ಈಗಿನ ಹೊಸ ಫೋನುಗಳಲ್ಲಿ ಹೆಡ್‌ಫೋನ್ ತೂತು ಎಲ್ಲಿದೆ? 2016ರಲ್ಲಿ ಐಫೋನ್ 7 ಅದನ್ನು ತೆಗೆದ ಮೇಲೆ ಒಬ್ಬೊಬ್ಬರಾಗಿ ಹೆಚ್ಚಿನವರು ತೆಗೆದರು. ಬ್ಲೂಟೂತ್‌ನಲ್ಲಿ ಹಾಡನ್ನು ಅಡಕ ಮಾಡಿ ಕಳಿಸುವ ಎಲ್‌ಡ್ಯಾಕ್ ಕೋಡೆಕ್ ಇದೆ, ಸೆಕೆಂಡಿಗೆ 990 ಕಿಲೋಬಿಟ್ ವರೆಗೂ ಹೋಗುತ್ತದೆ. ಸದ್ದಿನ ವಿಷಯದಲ್ಲಿ ವೈರಿಗೆ ಇನ್ನೇನು ಹೆಚ್ಚುಗಾರಿಕೆ ಉಳಿದಿದೆ?

ರಾತ್ರಿಪಾಳಿ

ದಿನಕ್ಕೆ ಎಂಟು ಗಂಟೆ ಹೆಡ್‌ಫೋನ್ ಹಾಕಿಕೊಂಡು ಕೆಲಸ ಮಾಡುವವನು ನಾನು. ಬ್ಲೂಟೂತ್ ಹಗುರ ಹೆಡ್‌ಫೋನ್ ಒಂದು ವರ್ಷ ಬಳಸಿದೆ. ಹಾಡಿಗೆ ಏನೂ ತೊಂದರೆ ಇಲ್ಲ, ಅದನ್ನು ಒಪ್ಪುತ್ತೇನೆ. ತೊಂದರೆ ಬರುವುದು ಮೈಕ್ ಆನ್ ಆದಾಗ. ಮೀಟಿಂಗಿಗೆ ಸೇರಿದ ಕ್ಷಣ ಎಲ್ಲರ ದನಿಯೂ ಬಾವಿಯೊಳಗಿಂದ ಬಂದ ಹಾಗೆ. ಹೆಡ್‌ಫೋನ್ ಕೆಟ್ಟಿದೆ ಅಂತ ಎರಡು ಸಲ ಬದಲಾಯಿಸಿದೆ. ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಹಾಗಾಯಿತು.

ಆಮೇಲೆ ಗೊತ್ತಾಯಿತು. ಹಾಡು ಕೇಳುವಾಗ ಬ್ಲೂಟೂತ್ ಒಂದು ದಾರಿಯಲ್ಲಿ ಹೋಗುತ್ತದೆ, ಕರೆ ಮಾಡುವಾಗ ಇನ್ನೊಂದು ದಾರಿಗೆ ಹೊರಳುತ್ತದೆ. ಕರೆಯ ದಾರಿಯಲ್ಲಿ ಹೋಗುವ ದನಿಯೂ ಬರುವ ದನಿಯೂ ಒಟ್ಟಿಗೆ ಸಾಗಬೇಕು, ಜಾಗ ಕಡಿಮೆ. ಹಳೆ ಪದ್ಧತಿಯಲ್ಲಿ 8 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್, ಅಂದರೆ ದನಿಯನ್ನು ಸೆಕೆಂಡಿಗೆ ಎಂಟು ಸಾವಿರ ಸಲ ಅಳೆಯುವುದು, ಆಮೇಲೆ ಬಂದದ್ದರಲ್ಲಿ 16. ಕೇಳಿಸುವ ಮೇಲಿನ ಮಿತಿ ಅದರ ಅರ್ಧ, ಅಂದರೆ 4 ಅಥವಾ 8 ಕಿಲೋಹರ್ಟ್ಸ್. ಸ್ಟೀರಿಯೋನೂ ಇಲ್ಲ. ನಿಮ್ಮ 990 ಆ ಹೊತ್ತಿನಲ್ಲಿ ರಜೆ ಮೇಲೆ ಹೋಗಿರುತ್ತದೆ.

ಉಪಾಯ ಸುಲಭ. ಲ್ಯಾಪ್‌ಟಾಪ್ ಸೆಟ್ಟಿಂಗ್‌ನಲ್ಲಿ ಮೈಕ್ ಅಂತ ಲ್ಯಾಪ್‌ಟಾಪಿನದ್ದೇ ಆರಿಸಿ, ಹೆಡ್‌ಫೋನ್ ಅನ್ನು ಕೇಳುವುದಕ್ಕೆ ಮಾತ್ರ ಇಡಿ. ಆಗ ಹಾಡಿನ ದಾರಿಯಲ್ಲೇ ಇರುತ್ತದೆ. ಇಷ್ಟು ಗೊತ್ತಾಗೋಕೆ ನನಗೆ ಒಂದು ವರ್ಷ ಬೇಕಾಯಿತು.

ನೀಲಿಹಲ್ಲು

ಓಹ್. ಇದು ನನಗೂ ಆಗುತ್ತಿತ್ತು. ನೆಟ್‌ವರ್ಕ್ ಸಮಸ್ಯೆ ಅಂದುಕೊಂಡಿದ್ದೆ. ಥ್ಯಾಂಕ್ಸ್ ಗುರು. ಆದರೂ ವೈರಿಗೆ ವಾಪಸ್ ಬರಲ್ಲ.

ಹಳೇಟೇಪು

ಬರಬೇಡಿ, ಯಾರೂ ಬಲವಂತ ಮಾಡಿಲ್ಲ 🙂

ಹಗುರ ಹೆಡ್‌ಫೋನ್ ಹುಟ್ಟಿದ್ದು ಹೇಗೆ ಅಂತ ನೆನಪಿಸಿಕೊಂಡರೆ ಈ ಜಗಳದ ಅರ್ಧ ಬಗೆಹರಿಯುತ್ತದೆ. 1968ರಲ್ಲಿ ಸೆನ್‌ಹೈಸರ್ ಎಚ್‌ಡಿ 414 ಬಂತು, ಹಳದಿ ಸ್ಪಂಜಿನದ್ದು. ಅಲ್ಲಿಯವರೆಗೆ ಹೆಡ್‌ಫೋನ್ ಎಂದರೆ ಕಿವಿಗೆ ಬಿಗಿಯುವ ಮುಚ್ಚಿದ ಡಬ್ಬಿ. ಇದರ ಹಿಂಬದಿ ತೆರೆದಿತ್ತು. ಆಮೇಲೆ 1979ರ ಜುಲೈನಲ್ಲಿ ಸೋನಿಯ ಮೊದಲ ವಾಕ್‌ಮನ್. ಜೇಬಿನಲ್ಲಿ ಹಿಡಿಸುವ ಟೇಪ್ ಪ್ಲೇಯರ್ ಜೊತೆ ಬುರುಡೆ ಗಾತ್ರದ ಹೆಡ್‌ಫೋನ್ ಕೊಟ್ಟರೆ ಯಾರು ನಡೆಯುತ್ತಾರೆ? ಅದಕ್ಕೆ ಸುಮಾರು 50 ಗ್ರಾಂ ತೂಗುವ, ಸ್ಪಂಜು ಹೊದೆಸಿದ ಪುಟ್ಟದೊಂದನ್ನು ಜೊತೆಗೆ ಕೊಟ್ಟರು. ಆ ವಾಕ್‌ಮನ್‌ನಲ್ಲಿ ಎರಡು ಹೆಡ್‌ಫೋನ್ ತೂತು ಇತ್ತು, ಇಬ್ಬರು ಒಟ್ಟಿಗೆ ಕೇಳಲಿ ಅಂತ. ಕೇಳುತ್ತಲೇ ಮಾತಾಡುವುದಕ್ಕೆ ಒಂದು ಕಿತ್ತಳೆ ಬಣ್ಣದ ಗುಂಡಿ ಬೇರೆ. ಒತ್ತಿದರೆ ಹಾಡು ತಗ್ಗಿ ಮೈಕಿನಿಂದ ಮಾತು ಕೇಳಿಸುತ್ತಿತ್ತು.

ಅಂದರೆ ಈ ಜಾತಿಯ ಹೆಡ್‌ಫೋನ್ ನಡೆಯುತ್ತಾ, ಸುತ್ತಲಿನದ್ದನ್ನೂ ಕೇಳಿಸಿಕೊಳ್ಳುತ್ತಾ ಇರುವುದಕ್ಕೆ ಮಾಡಿದ್ದು. ಹಿಂದಿನಿಂದ ಸೈಕಲ್ ಬಂದರೆ ಗೊತ್ತಾಗಬೇಕು. ಲೋಕವನ್ನು ಹೊರಗೆ ಹಾಕಿ ಬಾಗಿಲು ಹಾಕಿಕೊಳ್ಳುವುದು ಇದರ ಕೆಲಸವೇ ಅಲ್ಲ. ಬಸ್ಸಿನಲ್ಲಿ ಇದನ್ನು ಬೈಯುವುದು ಕೊಡೆ ಹಿಡಿದು ಈಜಲು ಹೋದ ಹಾಗೆ.

ನಾನು ನನ್ನ ಮೊದಲ ಟೇಪ್ ಪ್ಲೇಯರ್‌ನಲ್ಲಿ ಕೇಳಿದ ಹಾಡುಗಳಲ್ಲಿ ಅರ್ಧ ಹಾಡು, ಅರ್ಧ ಟೇಪಿನ ಸುಂಯ್. ಅದೇ ಚೆಂದ ಅನಿಸುತ್ತಿತ್ತು. ಈಗಲೂ ಪೂರ್ತಿ ನಿಶ್ಶಬ್ದದಲ್ಲಿ ಹಾಡು ಶುರುವಾದರೆ ಏನೋ ಕಳೆದುಹೋದ ಹಾಗೆ ಅನಿಸುತ್ತದೆ. ಇರಲಿ, ವಿಷಯ ಬಿಟ್ಟು ಹೋದೆ.

ಸಂಜೆನಡಿಗೆ

ನೀವು ಬರೆದದ್ದು ಚೆನ್ನಾಗಿದೆ ಸರ್. ಆದರೆ ನನ್ನ ಬಸ್ಸು ಮಾತ್ರ ಹಾಗೇ ಇದೆ 😅 ಸದ್ಯಕ್ಕೆ ವಾಲ್ಯೂಮ್ ಏರಿಸಿ ಕೇಳುತ್ತಿದ್ದೇನೆ. ಮನೆಯಲ್ಲಿ ಅರ್ಧಕ್ಕಿಂತ ಕಡಿಮೆ, ಬಸ್ಸಿನಲ್ಲಿ ತುದಿಗೆ ಎರಡು ಗೆರೆ ಬಾಕಿ. ಹಾಗೆ ಮಾಡಿದರೆ ಬಾಸೂ ಸ್ವಲ್ಪ ಬರುತ್ತದೆ.

ಮೆಲ್ಲಗೆಹಾಕಿ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಇದನ್ನು ನೋಡಿ ಸುಮ್ಮನಿರಲು ಆಗಲಿಲ್ಲ. ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸ.

ಹಗುರ, ತೆರೆದ ಹೆಡ್‌ಫೋನ್‌ನ ನಿಜವಾದ ಅಪಾಯ ಇದೇ. ಅದು ತಾನಾಗಿ ಕೆಟ್ಟದ್ದಲ್ಲ. ಆದರೆ ಹೊರಗಿನ ಸದ್ದನ್ನು ತಡೆಯುವುದಿಲ್ಲವಾದ್ದರಿಂದ, ಸದ್ದಿನ ಮೇಲೆ ಸದ್ದು ಪೇರಿಸುವ ಆಸೆ ಹುಟ್ಟಿಸುತ್ತದೆ. ಬಸ್ಸಿನ ಸದ್ದನ್ನು ಹಿಂದಕ್ಕೆ ಹಾಕಬೇಕು ಅಂದರೆ ಹಾಡು ಬಸ್ಸಿಗಿಂತ ಜೋರಾಗಬೇಕು, ಅಲ್ವಾ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ 40 ಗಂಟೆ. 3 ಡೆಸಿಬೆಲ್ ಏರಿದಾಗಲೆಲ್ಲ ಹೊತ್ತು ಅರ್ಧ ಆಗುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. 3 ಡೆಸಿಬೆಲ್ ಎಂದರೆ ಕೇಳುವವರಿಗೆ ಸ್ವಲ್ಪ ಜೋರಾಯಿತು ಅನ್ನಿಸುವಷ್ಟೇ. ಆದರೆ ಕಿವಿಯ ಖಾತೆಯಿಂದ ಅರ್ಧ ಸಮಯ ಖರ್ಚಾಗಿರುತ್ತದೆ. ನಿಮ್ಮ ದಿನಕ್ಕೆ ಒಂದೂವರೆ ಗಂಟೆ ಬಸ್ಸು, ವಾರಕ್ಕೆ ಆರು ದಿನ ಅಂದರೆ 9 ಗಂಟೆ. 86ರ ಲೆಕ್ಕಕ್ಕೆ ಆಗಲೇ ಅಂಚಿಗೆ ಬಂದಿದ್ದೀರಿ. 89 ಆದರೆ ದಾಟಿದ್ದೀರಿ.

ಒಳಕಿವಿಯ ಕೂದಲಿನಂಥ ಸೂಕ್ಷ್ಮ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ನೋವೂ ಆಗುವುದಿಲ್ಲ, ಅದೇ ಕಷ್ಟ. ಬಸ್ಸಿಳಿದ ಮೇಲೆ ಕಿವಿಯಲ್ಲಿ ಕುಂಯ್ ಅನ್ನುತ್ತಿದ್ದರೆ ಅಥವಾ ಮಾತು ಹತ್ತಿ ತುಂಬಿದ ಹಾಗೆ ಕೇಳುತ್ತಿದ್ದರೆ ಆ ದಿನ ಜಾಸ್ತಿಯಾಯಿತು ಎಂದೇ ಅರ್ಥ.

ನನ್ನ ರೋಗಿಗಳಿಗೆ ಒಂದೇ ಮಾತು ಹೇಳುತ್ತೇನೆ. ಮನೆಯಲ್ಲಿ, ಫ್ಯಾನ್ ಕೂಡ ಆರಿಸಿ, ಹಿತವಾಗಿ ಕೇಳುವ ಮಟ್ಟಕ್ಕೆ ವಾಲ್ಯೂಮ್ ಇಡಿ. ಹೊರಗೆ ಹೋದ ಮೇಲೆ ಆ ಗುಂಡಿ ಮುಟ್ಟಬೇಡಿ. ಹಾಡು ಕೇಳಿಸುತ್ತಿಲ್ಲ ಎಂದರೆ ಆ ಜಾಗ ಹಾಡು ಕೇಳುವ ಜಾಗ ಅಲ್ಲ.

ಸಂಜೆನಡಿಗೆ

ಮೇಡಂ, ಓದಿ ಹೆದರಿಕೆಯಾಯಿತು. ಕುಂಯ್ ಅನ್ನುವುದು ಎರಡು ಸಲ ಆಗಿದೆ. ಬಸ್ಸಿನ ಹಾರ್ನಿನಿಂದ ಅಂದುಕೊಂಡಿದ್ದೆ.

ಮೆಲ್ಲಗೆಹಾಕಿ

ಹಾರ್ನೂ ಕಾರಣ ಇರಬಹುದು. ಎರಡೂ ಒಂದೇ ಖಾತೆಗೆ ಬೀಳುತ್ತವೆ. ಹೆದರಬೇಡಿ, ಇಳಿಸಿ. ಒಂದೆರಡು ದಿನದ ಮೇಲೂ ಕುಂಯ್ ಹೋಗದಿದ್ದರೆ ಮಾತ್ರ ತೋರಿಸಿಕೊಳ್ಳಿ.

ಓಮ್‌ಕಾರ

ಎಲ್ಲರೂ ಒಂದು ವಿಷಯ ಮರೆತಿದ್ದೀರಿ. ಇಂಥ ಹೆಡ್‌ಫೋನ್‌ಗಳಲ್ಲಿ ಕೆಲವು ವಿದ್ಯುತ್ತಿಗೆ ಒಡ್ಡುವ ತಡೆ 60 ಓಮ್ ಇರುತ್ತದೆ. ಫೋನಿಗೆ ಅಷ್ಟು ಶಕ್ತಿ ಇಲ್ಲ. ಆಂಪ್ಲಿಫೈಯರ್ ಹಾಕಿದರೆ ಬಾಸ್ ತಾನಾಗಿ ಬರುತ್ತದೆ.

ಬೆಸುಗೆಕಡ್ಡಿ

ಇಲ್ಲ ಸರ್. ಓಮ್ ಒಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸೆನ್ಸಿಟಿವಿಟಿ, ಅಂದರೆ ಕೊಟ್ಟ ಶಕ್ತಿಗೆ ಎಷ್ಟು ಜೋರು ಸದ್ದು ಬರುತ್ತದೆ ಅನ್ನೋದನ್ನು, ನೋಡಬೇಕು. 60 ಓಮ್, ಒಂದು ಮಿಲಿವ್ಯಾಟ್‌ಗೆ 101 ಡೆಸಿಬೆಲ್ ಅಂತ ಇಟ್ಟುಕೊಳ್ಳಿ. ಫೋನೋ, ತೂತಿಲ್ಲದ ಫೋನಿಗೆ ಹೆಡ್‌ಫೋನ್ ಸೇರಿಸುವ ಡಾಂಗಲ್ಲೋ 1 ವೋಲ್ಟ್ ಕೊಟ್ಟರೆ 16 ಮಿಲಿವ್ಯಾಟ್‌ಗಿಂತ ಸ್ವಲ್ಪ ಜಾಸ್ತಿ ಆಯಿತು. ಅಂದರೆ ಇನ್ನೂ 12 ಡೆಸಿಬೆಲ್ ಮೇಲೆ, ಒಟ್ಟು 113. ಮೇಡಂ ಈಗಷ್ಟೇ 89ಕ್ಕೆ ಬೈದರು, ನೀವು 113 ಸಾಲದು ಅನ್ನುತ್ತಿದ್ದೀರಿ!

ಓಮ್‌ಕಾರ

ಸರಿ ಸರಿ, ಒಪ್ಪಿದೆ. ಆದರೆ ಬರ್ನ್ ಇನ್ ಮಾಡಿಲ್ಲ ಅವರು. ನೂರು ಗಂಟೆ ಹಾಡು ಹಾಕಿ ಬಿಟ್ಟರೆ ಸದ್ದು ತೆರೆದುಕೊಳ್ಳುತ್ತದೆ.

ಬೆಸುಗೆಕಡ್ಡಿ

ನೂರು ಗಂಟೆಯಲ್ಲಿ ತೆರೆದುಕೊಳ್ಳುವುದು ಬಹುಪಾಲು ನಮ್ಮ ಕಿವಿಯೇ, ಹೊಸ ಸದ್ದಿಗೆ ಒಗ್ಗಿಕೊಳ್ಳುತ್ತದೆ. ಸ್ಪಂಜು ಮೆತ್ತಗಾಗಿ ಕಿವಿಗೆ ಇನ್ನೂ ಹತ್ತಿರ ಕೂರುವುದು ಮಾತ್ರ ನಿಜ, ಅದರಿಂದ ಬಾಸ್ ಬದಲಾಗುತ್ತದೆ. ಆದರೆ ಅದಕ್ಕೆ ಹಾಕಿಕೊಳ್ಳಬೇಕು. ಮೇಜಿನ ಮೇಲೆ ಬಿಟ್ಟು ಹಾಡು ಹಾಕಿದರೆ ಮೇಜಿಗೆ ಸಂಗೀತ ಜ್ಞಾನ ಬರಬಹುದು.

ನಾಕ್ಕಣ್ಣು

😂😂

ನಿಘಂಟಿನ ವರದಿ: ಎರಡು ರಾತ್ರಿ ಆಯಿತು. ಹಿಡಿತ ಸಡಿಲ ಆಗಿದೆ. ಕನ್ನಡಕದ ಕಡ್ಡಿಯನ್ನು ಪ್ಯಾಡಿಗಿಂತ ಸ್ವಲ್ಪ ಮೇಲೆ ಏರಿಸಿ ಹಾಕಿಕೊಂಡರೆ ಒಂದು ಗಂಟೆ ಆರಾಮಾಗಿ ಕೂರುತ್ತದೆ. ಕನ್ನಡಕ ಸ್ವಲ್ಪ ಸೊಟ್ಟ ಕಾಣಿಸುತ್ತೆ. ಮನೆಯಲ್ಲಿ ಯಾರು ನೋಡುತ್ತಾರೆ.

ದಾರಿಹೋಕ

ಇಲ್ಲಿ ಕೇಳಬಹುದೋ ಇಲ್ಲವೋ ಗೊತ್ತಿಲ್ಲ. ನನ್ನ ವೈರ್ ಹೆಡ್‌ಫೋನ್‌ನಲ್ಲಿ ನಿನ್ನೆಯಿಂದ ವಿಚಿತ್ರ ಆಗುತ್ತಿದೆ. ವಾದ್ಯ ಎಲ್ಲ ಕೇಳಿಸುತ್ತದೆ, ಹಾಡುವವರು ಮಾತ್ರ ಇಲ್ಲ. ಎಲ್ಲೋ ದೂರದ ಗುಹೆಯಲ್ಲಿ ಹಾಡಿದ ಹಾಗೆ ಒಂದು ನೆರಳು ಇದೆ ಅಷ್ಟೇ. ಬೇರೆ ಬೇರೆ ಹಾಡು ಹಾಕಿದೆ, ಎಲ್ಲದರಲ್ಲೂ ಹೀಗೇ. ಆಪ್ ಹಾಳಾಗಿದೆಯಾ?

ಬೆಸುಗೆಕಡ್ಡಿ

ನನಗೆ ತುಂಬಾ ಇಷ್ಟದ ರಿಪೇರಿ ಇದು.

ಪಿನ್ ಪೂರ್ತಿ ಒಳಗೆ ಹೋಗಿಲ್ಲ, ಅಥವಾ ಗ್ರೌಂಡ್ ತಂತಿ ಕಿತ್ತುಹೋಗಿದೆ. ಎಡ, ಬಲ ಎರಡೂ ಕಡೆಗೆ ವಾಪಸ್ ದಾರಿ ಅದೊಂದೇ. ಅದು ಕಡಿದರೆ ವಿದ್ಯುತ್ತು ಎಡದಿಂದ ಬಲಕ್ಕೆ ನೇರ ಹರಿಯುತ್ತದೆ. ಆಗ ಎರಡು ಕಿವಿಗೂ ಕೇಳುವುದು ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ ಮಾತ್ರ. ಹಾಡುಗಾರರನ್ನು ರೆಕಾರ್ಡಿಂಗ್‌ನಲ್ಲಿ ಸಾಮಾನ್ಯವಾಗಿ ನಡುವೆ ನಿಲ್ಲಿಸುತ್ತಾರೆ, ಎರಡೂ ಕಡೆ ಸಮ. ಸಮನಾದದ್ದರಿಂದ ಸಮನಾದದ್ದನ್ನು ಕಳೆದರೆ ಸೊನ್ನೆ. ಹಾಗೆ ಗಾಯಕರು ಮಾಯ. ಪಕ್ಕದಲ್ಲಿ ಕೂರಿಸಿದ ಪಿಟೀಲು, ಪ್ರತಿಧ್ವನಿ ಮಾತ್ರ ಉಳಿಯುತ್ತದೆ.

ಫೋನಿಗೆ ದಪ್ಪ ಕವರ್ ಹಾಕಿದ್ದೀರಾ? ಮೊದಲು ಅದನ್ನು ತೆಗೆದು ಪಿನ್ ಒತ್ತಿ ನೋಡಿ. ಆಮೇಲೆ ತೂತಿನೊಳಗೆ ಜೇಬಿನ ನೂಲಿನ ಕಸ ಸೇರಿದೆಯಾ ಅಂತ ನೋಡಿ. ಫೋನ್ ಆಫ್ ಮಾಡಿ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಪಿನ್, ಸೂಜಿ ಹಾಕಬೇಡಿ.

ದಾರಿಹೋಕ

ಕವರ್!! ಹೊಸ ಕವರ್ ನಿನ್ನೆ ಹಾಕಿದ್ದೇ ಕಾರಣ. ತೆಗೆದೆ, ಹಾಡುವವರು ವಾಪಸ್ ಬಂದರು. ನಿಮಗೆ ಅಡ್ಡಬಿದ್ದೆ ಸರ್.

ರಾತ್ರಿಪಾಳಿ

ಡಾಂಗಲ್ ವಿಷಯದಲ್ಲೂ ಒಂದು ಮಾತು ಸೇರಿಸುತ್ತೇನೆ, ತೂತಿಲ್ಲದ ಫೋನಿನವರಿಗೆ. ಯುಎಸ್‌ಬಿ ಸಿ ಡಾಂಗಲ್‌ನಲ್ಲಿ ಎರಡು ಜಾತಿ ಇದೆ, ಹೊರಗಿನಿಂದ ನೋಡಿದರೆ ಒಂದೇ ಥರ. ಒಂದರಲ್ಲಿ ಡಿಜಿಟಲ್ ಅನ್ನು ಸದ್ದಾಗಿ ಬದಲಿಸುವ ಚಿಪ್ ಒಳಗೇ ಇರುತ್ತದೆ. ಇನ್ನೊಂದರಲ್ಲಿ ಬರೀ ತಂತಿ, ಆ ಕೆಲಸ ಫೋನೇ ಮಾಡಬೇಕು. ನಿಮ್ಮ ಫೋನು ಆ ಕೆಲಸ ಮಾಡದಿದ್ದರೆ ಎರಡನೇ ಜಾತಿಯದ್ದು ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಚಿಪ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ.

ಪುಟ್ಟಸ್ಪಂಜು

ನನ್ನದು ಬಲಗಡೆ ಬಾಸ್ ಬಂದಾಗಲೆಲ್ಲ ಗರಗರ ಅನ್ನುತ್ತದೆ. ವಾಲ್ಯೂಮ್ ಕಡಿಮೆ ಇದ್ದರೂ. ಕೊಂಡು ಆರು ತಿಂಗಳಾಗಿಲ್ಲ. ಸ್ಪೀಕರ್ ಹರಿದಿದೆಯಾ?

ಬೆಸುಗೆಕಡ್ಡಿ

ಹತ್ತಕ್ಕೆ ಎಂಟು ಸಲ ನಾನು ನೋಡಿದ್ದು ಕೂದಲು. ನಿಜ. ತೆರೆದ ಹೆಡ್‌ಫೋನ್‌ನ ಜಾಲರಿಯಿಂದ ಒಂದು ಕೂದಲು ಒಳಗೆ ತೂರಿ ತೆಳುಹಾಳೆಗೆ ತಾಗುತ್ತಿರುತ್ತದೆ. ಸ್ಪಂಜು ತೆಗೆದು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ, ತುದಿ ಹೊರಗೆ ಕಾಣುತ್ತದೆ. ಕಬ್ಬಿಣದ ಚಿಮಟ ಮಾತ್ರ ಹತ್ತಿರ ತರಬೇಡಿ. ಒಳಗಿರುವುದು ಬಲವಾದ ಆಯಸ್ಕಾಂತ, ಚಿಮಟವನ್ನು ಕೈಯಿಂದ ಕಿತ್ತುಕೊಂಡು ಹಾಳೆಗೆ ಚುಚ್ಚಿಬಿಡುತ್ತದೆ. ನನ್ನದೊಂದು ಹಾಗೇ ಹೋಯಿತು. ಪ್ಲಾಸ್ಟಿಕ್ ಚಿಮಟ, ಇಲ್ಲದಿದ್ದರೆ ಅಂಟುಪಟ್ಟಿಯ ತುದಿ ಸಾಕು. ಬಾಯಿಂದ ಊದಲೂ ಬೇಡಿ, ಎಂಜಲು ಹೋಗುತ್ತದೆ.

ಸ್ಪಂಜು ತೆಗೆದಾಗಲೇ ತೊಳೆದುಬಿಡಿ. ಸೋಪಿನ ನೀರಿನಲ್ಲಿ ಅದ್ದಿ, ಹಿಂಡದೆ ಅಂಗೈಯಲ್ಲಿ ಒತ್ತಿ, ನೆರಳಿನಲ್ಲಿ ಪೂರ್ತಿ ಒಣಗಿಸಿ. ಬೆವರು, ತೇವ ಕೂತಷ್ಟೂ ಸ್ಪಂಜು ಬೇಗ ಪುಡಿಯಾಗುತ್ತದೆ. ಕಿವಿಯಲ್ಲಿ ಕಪ್ಪು ಚೂರು ಕಾಣಿಸಿದರೆ ಅದರ ಆಯಸ್ಸು ಮುಗಿದ ಹಾಗೆ. ಹೊಸ ಸ್ಪಂಜು ಹಾಕುವಾಗ ಹಳೆಯದರಷ್ಟೇ ದಪ್ಪದ್ದು ಹಾಕಿ. ದಪ್ಪ ಜಾಸ್ತಿಯಾದರೆ ಸದ್ದು ಕಿವಿಯಿಂದ ದೂರ ಹೋಗಿ ಬಾಸ್ ಸಡಿಲ ಆಗುತ್ತದೆ.

ಹಳೇಟೇಪು

ಇನ್ನೊಂದು: ಈ ಸ್ಪಂಜುಗಳು ಎಲ್ಲಿ ಬೇಕಾದರೂ ಕಳಚಿಕೊಳ್ಳುತ್ತವೆ. ಒಂದು ಜೊತೆ ಹೆಚ್ಚಿಗೆ ಇಟ್ಟುಕೊಂಡಿರಿ. ನನ್ನ ಲೆಕ್ಕದಲ್ಲಿ ಈವರೆಗೆ ಹನ್ನೊಂದು ಕಳೆದಿದ್ದೇನೆ. ಜೊತೆಯಲ್ಲ, ಒಂಟಿ.

ಪುಟ್ಟಸ್ಪಂಜು

ಕೂದಲೇ! ಒಂದಲ್ಲ, ಎರಡು. ಬೆಕ್ಕಿನದ್ದು.

ಸಂಜೆನಡಿಗೆ

ಮೂರು ವಾರದ ನಂತರ ಬರುತ್ತಿದ್ದೇನೆ. ಏನೇನು ಮಾಡಿದೆ ಅಂತ ಹೇಳಬೇಕಲ್ಲ.

ಪಟ್ಟಿಯನ್ನು ಎರಡು ಗೆರೆ ಉದ್ದ ಮಾಡಿದೆ. ಇಷ್ಟು ದಿನ ನಿಜಕ್ಕೂ ಪ್ಯಾಡು ಮೇಲೆ ಕೂರುತ್ತಿತ್ತು. ಅದೊಂದರಿಂದಲೇ ಮನೆಯಲ್ಲಿ ಬಾಸ್ ಎಷ್ಟು ಬಂತು ಅಂದರೆ ಈಗ ಈಕ್ವಲೈಜರ್‌ನಲ್ಲಿ 150 ಹರ್ಟ್ಸ್ ಸುತ್ತ 3 ಡೆಸಿಬೆಲ್ ಇಳಿಸಿದ್ದೇನೆ. ಇಳಿಸಿದ ಮೇಲೆ ದನಿಯ ಮೇಲಿದ್ದ ಕಂಬಳಿ ತೆಗೆದ ಹಾಗಾಯಿತು. ಬಾಸ್ ಹುಡುಕಿಕೊಂಡು ಬಂದವಳು ಬಾಸ್ ಕಡಿಮೆ ಮಾಡಿಕೊಂಡು ಕೂತಿದ್ದೇನೆ.

ಬಸ್ಸಿನಲ್ಲಿ ಹಾಡು ಕೇಳುವುದನ್ನು ಬಿಟ್ಟೆ. ಮನೆಯಲ್ಲಿ ಇಟ್ಟ ವಾಲ್ಯೂಮಿನಲ್ಲೇ ಮಾತಿನ ಕಾರ್ಯಕ್ರಮ ಕೇಳುತ್ತೇನೆ. ಬಸ್ಸು ಓಡುವಾಗ ಅಲ್ಲಲ್ಲಿ ಒಂದೊಂದು ಮಾತು ತಪ್ಪುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಸಿಗುತ್ತದೆ. ಪಕ್ಕದಲ್ಲಿ ಕೂತವರು ಒಂದು ಸಲ ನಕ್ಕರು, ಅವರಿಗೂ ಕೇಳಿಸುತ್ತಿತ್ತಂತೆ. ಸದ್ದು ಹೊರಗೆ ಸೋರುತ್ತದೆ ಅನ್ನೋದನ್ನು ಯಾರೂ ಹೇಳಿರಲಿಲ್ಲ ನೋಡಿ! ಕುಂಯ್ ಮತ್ತೆ ಬಂದಿಲ್ಲ ಮೇಡಂ.

ಸಂಜೆ ನಡೆಯುವಾಗ ಮಾತ್ರ ಹಾಡು. ಎಲೆಗಳ ಸದ್ದು, ನಾಯಿ ಬೊಗಳುವುದು, ಯಾರೋ ಗೇಟು ತೆಗೆಯುವುದು, ಎಲ್ಲ ಹಾಡಿನ ಜೊತೆಗೇ ಬರುತ್ತದೆ. ಒಂದು ಸಲ ಹಾಡಿನಲ್ಲಿ ಕೋಗಿಲೆ ಕೂಗಿತು ಅಂದುಕೊಂಡೆ, ಅದು ಮರದ ಮೇಲಿತ್ತು.

ನೀಲಿಹಲ್ಲು

ಸೋರುವುದನ್ನು ನಾನು ಹೇಳುವವನಿದ್ದೆ. ಅಷ್ಟರಲ್ಲಿ ಮೈಕ್ ವಿಷಯದಲ್ಲಿ ಮರ್ಯಾದೆ ಹೋಯಿತು.

ನಾಕ್ಕಣ್ಣು

ಸಂಜೆನಡಿಗೆ ಅವರೇ, ಜೇಬಿನಲ್ಲಿ ಇಡುವಾಗ ಚೀಲಕ್ಕೆ ಹಾಕಿ ಇಡುತ್ತೀರಾ, ಹಾಗೇ ತುರುಕುತ್ತೀರಾ? ನನ್ನ ವೈರು ಪ್ರತಿಸಲ ಜಡೆ ಹೆಣೆದುಕೊಂಡು ಹೊರಗೆ ಬರುತ್ತದೆ.

ಸಂಜೆನಡಿಗೆ

ಹಾಗೇ ತುರುಕುತ್ತಿದ್ದೆ. ಅದಕ್ಕೇ ಈಗ ಇನ್ನೊಂದು ಸಮಸ್ಯೆ. ಇವತ್ತು ಬೆಳಿಗ್ಗೆ ನೋಡಿದರೆ ಎಡಗಡೆಯ ಸ್ಪಂಜು ಇಲ್ಲ.

ಹಳೇಟೇಪು

ಜೇಬು ತಿರುವಿ ನೋಡಿ. ಮೂಲೆಯಲ್ಲಿ ಇರುತ್ತದೆ.

ಸಂಜೆನಡಿಗೆ

ಇತ್ತು ಸರ್. ಬಸ್ ಟಿಕೆಟ್‌ನಲ್ಲಿ ಸುತ್ತಿಕೊಂಡು.